ತಮ್ಮನಿಗೆ ಎರಡನೇ ಪಟ್ಟಿಯೋ, ಮರೂನ್ ಟೋಪಿಯೋ? ಅನುಭವ ಇದ್ದವರು ದಯವಿಟ್ಟು ಹೇಳಿ

ಕೇಳಿದವರು: ಅಕ್ಕ, ಚಿಕ್ಕಮಗಳೂರು

ನನ್ನ ತಮ್ಮ ಮದ್ರಾಸ್ ರೆಜಿಮೆಂಟಿನಲ್ಲಿದ್ದಾನೆ. ಏಳು ವರ್ಷ ಆಯಿತು. ವಯಸ್ಸು 26, ಲ್ಯಾನ್ಸ್ ನಾಯಕ್, ತೋಳಿನ ಮೇಲೆ ಒಂದು ಪಟ್ಟಿ. ಈ ಚಳಿಗಾಲ ಯೂನಿಟ್ಟಿನಲ್ಲಿ ನಾಯಕ್ ಪ್ರಮೋಷನ್ ಕೇಡರ್ (ಎರಡನೇ ಪಟ್ಟಿಗೆ ಪಾಸಾಗಬೇಕಾದ ಪರೀಕ್ಷೆ) ನಡೆಯುತ್ತದೆ, ಹೆಸರು ಕೊಡು ಅಂತ ಅವನ ಸಾಬ್ ಹೇಳಿದ್ದಾರೆ. ಅವನ ಮನಸ್ಸು ಬೇರೆ ಕಡೆ ಇದೆ. ಪ್ಯಾರಾಗೆ, ಅಂದರೆ ಪ್ಯಾರಾಶೂಟಿನಲ್ಲಿ ಇಳಿಯುವ ಪಡೆಗೆ, ವಾಲಂಟಿಯರ್ ಆಗಬೇಕಂತೆ, ಅವರ ಮರೂನ್ ಟೋಪಿ ಬೇಕಂತೆ. ಮನೆಯಲ್ಲಿ ಒಂದೂವರೆ ವರ್ಷದ ಮಗು ಇದೆ. ಎರಡು ವರ್ಷದ ಹಿಂದೆ ಬಲ ಮೊಣಕಾಲಿಗೆ ಪೆಟ್ಟಾಗಿತ್ತು. ಈಗ ಸರಿ ಇದೆ ಅನ್ನುತ್ತಾನೆ, ಆದರೆ ಮೆಟ್ಟಿಲು ಇಳಿಯುವಾಗ ಕೈ ಗೋಡೆಗೆ ಹೋಗುತ್ತದೆ, ನಾನು ನೋಡಿದ್ದೇನೆ. ರಜೆ ಇನ್ನು 11 ದಿನ. ಅಷ್ಟರಲ್ಲಿ ತೀರ್ಮಾನ ಆಗಬೇಕು. ಎರಡರಲ್ಲಿ ಯಾವ ದಾರಿ ಹಿಡಿದವರಾದರೂ ನಿಮಗೆ ಏನಾಯಿತು ಅಂತ ಹೇಳಿ.

ಮಾಜಿ ಹವಾಲ್ದಾರ್, ಹಾಸನ

ತಂಗಿ, ಮೊದಲು ಕೇಡರ್. ಬೇರೆ ಮಾತೇ ಇಲ್ಲ. ನನ್ನ ಕಥೆ ಹೇಳುತ್ತೇನೆ.

ನಾನು ನಾಯಕ್‌ನಿಂದ ಹವಾಲ್ದಾರ್ ಕೇಡರ್‌ಗೆ ಕೂತಾಗ ಡ್ರಿಲ್ ಪಾಸ್, ವೆಪನ್ ಟ್ರೈನಿಂಗ್ ಪಾಸ್, ಸೆಕ್ಷನ್ (ಹತ್ತು ಜನರ ತುಕಡಿ) ಅಟ್ಯಾಕ್ ಪಾಸ್. ಮ್ಯಾಪ್ ರೀಡಿಂಗ್‌ನಲ್ಲಿ ಬಿದ್ದೆ. ಮೈದಾನದಲ್ಲಿ ನಿಲ್ಲಿಸಿ, ನೀನು ಎಲ್ಲಿದ್ದೀಯ ನಕ್ಷೆಯಲ್ಲಿ ತೋರಿಸು ಅಂದರು. ಕಣ್ಣಿಗೆ ಎರಡು ಗುರುತು ಕಾಣುತ್ತಿತ್ತು. ಒಂದು ದೇವಸ್ಥಾನ, ಒಂದು ನೀರಿನ ಟ್ಯಾಂಕ್. ಕಂಪಾಸ್ ಹಿಡಿದು ಎರಡರದೂ ಬೇರಿಂಗ್, ಅಂದರೆ ದಿಕ್ಕಿನ ಡಿಗ್ರಿ, ತೆಗೆದೆ. ಅದನ್ನು ಬ್ಯಾಕ್ ಬೇರಿಂಗ್ (ಗುರುತಿನಿಂದ ನನ್ನ ಕಡೆಗಿನ ದಿಕ್ಕು) ಮಾಡಿ ಗೆರೆ ಎಳೆಯಬೇಕು, ಅಂದರೆ 180 ಕೂಡಿಸಬೇಕು ಇಲ್ಲವೇ ಕಳೆಯಬೇಕು. ದೇವಸ್ಥಾನದ್ದು ಸರಿ ಮಾಡಿದೆ, ಟ್ಯಾಂಕಿನದು ಹಾಗೇ ಎಳೆದುಬಿಟ್ಟೆ. ಎರಡೂ ಗೆರೆ ಸೇರಲೇ ಇಲ್ಲ, ಅಂದಾಜಿಗೆ ಚುಕ್ಕೆ ಹಾಕಿದ್ದು ನಾಲೆಯ ಆಚೆ ಬದಿಗೆ. ನಾನು ನಿಂತಿದ್ದು ಈಚೆ ಬದಿಗೆ, ನಾಲೆಯ ನೀರು ನನ್ನ ಕಣ್ಣೆದುರೇ ಹರಿಯುತ್ತಿತ್ತು. ಕಲಿಸುವ ಉಸ್ತಾದ್ ಏನೂ ಬೈಯಲಿಲ್ಲ. ಪೆನ್ಸಿಲ್ ತೆಗೆದುಕೊಂಡು ನಾನು ಹಾಕಿದ ಚುಕ್ಕೆಯ ಸುತ್ತ ಒಂದು ಸೊನ್ನೆ ಬರೆದರು, ಅಷ್ಟೇ.

ಮುಂದಿನ ಕೇಡರ್‌ಗೆ ಹೆಸರು ಬರಲು ಹನ್ನೊಂದು ತಿಂಗಳು. ರಿಸಲ್ಟ್, ವೇಕೆನ್ಸಿ, ಆರ್ಡರ್ ಎಲ್ಲ ಸೇರಿ 14 ತಿಂಗಳು ಹೋಯಿತು. ನನ್ನ ಡೈರಿಯಲ್ಲಿ ಲೆಕ್ಕ ಇದೆ: ತಿಂಗಳಿಗೆ 1,900 ರೂಪಾಯಿ ವ್ಯತ್ಯಾಸ, ಒಟ್ಟು 26,600. ದುಡ್ಡು ಬಿಡಿ, ನನಗಿಂತ ಎಂಟು ತಿಂಗಳು ಜೂನಿಯರ್ ಹುಡುಗ ಮೂರು ಪಟ್ಟಿ ಹಾಕಿಕೊಂಡು ನನ್ನ ಸೆಕ್ಷನ್‌ಗೇ ಕಮಾಂಡರ್ ಆಗಿ ಬಂದ. ಆ 14 ತಿಂಗಳು ಅವನಿಗೆ ರಿಪೋರ್ಟ್ ಕೊಟ್ಟಿದ್ದೇನೆ. ಅದಕ್ಕೆ ಯಾವ ಡೈರಿಯಲ್ಲೂ ಲೆಕ್ಕ ಸಿಗುವುದಿಲ್ಲ.

ಪಟ್ಟಿ ಅಂದರೆ ಬರೀ ಬಟ್ಟೆಯಲ್ಲ. ಏಳನೇ ವೇತನ ಆಯೋಗದಲ್ಲಿ ಸಿಪಾಯಿ 21,700ರಿಂದ ಶುರು, ನಾಯಕ್ 25,500, ಹವಾಲ್ದಾರ್ 29,200. ಸರ್ವೀಸೂ ಹಾಗೇ. ನಾಯಕ್‌ಗೆ 22 ವರ್ಷ, ಹವಾಲ್ದಾರ್‌ಗೆ 24, ಮೇಲೆ ಎರಡು ವರ್ಷ ಎಕ್ಸ್‌ಟೆನ್ಶನ್. ಪೆನ್ಶನ್ ನಿಲ್ಲುವುದು ಕೊನೆಯ ರ‍್ಯಾಂಕಿನ ಮೇಲೆ. ಟೋಪಿಯ ಬಣ್ಣದ ಮೇಲಲ್ಲ.

ಮರೂನ್, ಬೆಳಗಾವಿ

ಟೋಪಿಯ ಬಣ್ಣ ಅಂತ ಸಲೀಸಾಗಿ ಬರೆದುಬಿಟ್ಟಿರಿ ಹವಾಲ್ದಾರ್ ಸಾಹೇಬರೇ. ಆ ಬಣ್ಣಕ್ಕೆ ನಾನು ಏನು ಕೊಟ್ಟಿದ್ದೇನೆ ಅಂತ ಕೇಳಿ.

ನಾನೂ ಬೇರೆ ಇನ್ಫೆಂಟ್ರಿ ರೆಜಿಮೆಂಟಿನಿಂದಲೇ ವಾಲಂಟಿಯರ್ ಆಗಿ ಹೋದವನು. ನಮ್ಮ ಕಾಲಕ್ಕೆ ಪ್ರೊಬೇಷನ್, ಅಂದರೆ ಪರೀಕ್ಷೆಯ ಅವಧಿ, 90 ದಿನ. ಮೊದಲ ಸಲ 52ನೇ ದಿನಕ್ಕೆ ವಾಪಸ್. ಎಡ ಮೊಳಕಾಲು ಮೂಳೆ ನೋಯುತ್ತಿತ್ತು, ಯಾರಿಗೂ ಹೇಳದೆ ಬಟ್ಟೆ ಸುತ್ತಿಕೊಂಡು ಓಡಿದೆ. ಬೆಳಗ್ಗೆ ಬೂಟು ಹಾಕುವಾಗ ನೋವು, ಮೂರು ಕಿಲೋಮೀಟರ್ ಆದ ಮೇಲೆ ನೋವು ಮಾಯ, ರಾತ್ರಿ ಮಲಗಿದರೆ ಮತ್ತೆ ಬಡಿತ. ಹೀಗೇ ಒಂಬತ್ತು ದಿನ. ಹತ್ತನೇ ದಿನ ಸ್ಪೀಡ್ ಮಾರ್ಚ್‌ನಲ್ಲಿ ಕಾಲು ಊರಲು ಆಗಲಿಲ್ಲ. ಎಕ್ಸ್‌ರೇಯಲ್ಲಿ ಕೂದಲೆಳೆಯಷ್ಟು ಬಿರುಕು. ಆರು ವಾರ ಆಸ್ಪತ್ರೆ, ಆಮೇಲೆ ಲೋ ಮೆಡಿಕಲ್ ಕೆಟಗರಿ, ಆಮೇಲೆ ಹಳೇ ಯೂನಿಟ್. ಲಂಗರ್‌ನಲ್ಲಿ ತಟ್ಟೆ ಹಿಡಿದು ನಿಂತರೆ "ಬಂದೆಯಾ?" ಅಂತ ಕೇಳುವವರೇ ಎಲ್ಲ. ಆ ಒಂದು ಮಾತು ಎದೆಗೆ ನಾಟಿತ್ತು.

ಎರಡು ವರ್ಷ ಬಿಟ್ಟು ಮತ್ತೆ ಹೋದೆ, ಮುಗಿಸಿದೆ. ಆಗ್ರಾದ ಪ್ಯಾರಾಶೂಟ್ ಶಾಲೆಯಲ್ಲಿ ಐದು ಜಂಪ್, ಅದರಲ್ಲೊಂದು ರಾತ್ರಿಯದು. ಹಗಲಿನ ಜಂಪ್‌ನಲ್ಲಿ ನೆಲ ಬರುವುದು ಕಾಣುತ್ತದೆ. ರಾತ್ರಿ ಕಾಣುವುದಿಲ್ಲ, ಎರಡೂ ಕಾಲು ಜೋಡಿಸಿ ಮೊಣಕಾಲು ಸ್ವಲ್ಪ ಮಡಚಿ ಕಾಯಬೇಕು, ಅಷ್ಟೇ. ಬಲ ಎದೆಯ ಮೇಲೆ ರೆಕ್ಕೆಯ ಬ್ಯಾಡ್ಜ್ ಹಾಕಿದ ದಿನ ನಮ್ಮಪ್ಪನಿಗೆ ಫೋನ್ ಮಾಡಿದೆ. ಅವರು ಮಾತಾಡಲಿಲ್ಲ, ಅತ್ತರು.

ನಿಮ್ಮ ತಮ್ಮ ಹೋಗಲಿ ಅಕ್ಕಾ. ವಯಸ್ಸು ದಾಟಿದ ಮೇಲೆ ಕೊರಗುವುದು ಬೇಡ.

ಎನ್‌ಸಿಸಿ ಹುಡುಗ, ತುಮಕೂರು

ಸರ್, ನಿಮಗೆ ದೊಡ್ಡ ಸೆಲ್ಯೂಟ್. ನನ್ನ ಬೈಕಿನ ಟ್ಯಾಂಕ್ ಮೇಲೆ ಬಲಿದಾನ್ ಬ್ಯಾಡ್ಜ್ ಸ್ಟಿಕ್ಕರ್ ಇದೆ, ಜಾಕೆಟ್ ಮೇಲೂ ಹೊಲಿಸಿದ್ದೇನೆ. ಪ್ಯಾರಾದವರೆಲ್ಲ ಹಾಕುವ ಬ್ಯಾಡ್ಜ್ ಅದೇ ಅಲ್ವಾ?

ಮರೂನ್, ಬೆಳಗಾವಿ

ಅಲ್ಲ. ಕೋಪ ಬರುವುದು ಇಲ್ಲೇ. ಮರೂನ್ ಟೋಪಿ ಹಾಕಿದವರೆಲ್ಲ ಬಲಿದಾನ್ ಹಾಕುವುದಿಲ್ಲ. ಅದು ಸ್ಪೆಷಲ್ ಫೋರ್ಸಸ್‌ನವರದು ಮಾತ್ರ. ನಾನು ಇಷ್ಟು ವರ್ಷ ಪ್ಯಾರಾದಲ್ಲಿದ್ದು ಒಂದು ದಿನವೂ ಹಾಕಿಲ್ಲ, ಯಾಕೆಂದರೆ ಅದು ನನ್ನದಲ್ಲ. 2019ರ ವಿಶ್ವಕಪ್‌ನಲ್ಲಿ ಧೋನಿ ಗ್ಲೌಸ್ ಮೇಲೆ ಅದೇ ಗುರುತಿತ್ತು, ಐಸಿಸಿ ತೆಗೆಸಿತು. ಅವತ್ತಿನಿಂದ ಗಲ್ಲಿಗಲ್ಲಿಯಲ್ಲಿ ಮಾರುತ್ತಾರೆ. ಜಾಕೆಟ್ಟಿನಿಂದ ಬಿಚ್ಚಿಸು ತಮ್ಮಾ.

ಎನ್‌ಸಿಸಿ ಹುಡುಗ, ತುಮಕೂರು

ಗೌರವಕ್ಕೆ ಹಾಕಿದ್ದು ಸರ್, ಯಾರಿಗೂ ಮೋಸ ಮಾಡಲು ಅಲ್ಲ. ಸೈನಿಕ ಅಂತ ನಂಬಿಸುವ ಉದ್ದೇಶ ಇದ್ದರೆ ತಾನೇ ತಪ್ಪು? ಹಳೇ ಐಪಿಸಿ 140 ಹಾಗೇ ಹೇಳುತ್ತದೆ.

ಮಾಜಿ ಹವಾಲ್ದಾರ್, ಹಾಸನ

ಸೆಕ್ಷನ್ ಓದಿಕೊಂಡಿದ್ದೀಯ, ಒಳ್ಳೆಯದು. ಈಗ ಅದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 168. ಮೂರು ತಿಂಗಳವರೆಗೆ ಜೈಲು ಇದೆ. ಆದರೆ ಕಾನೂನು ಪಕ್ಕಕ್ಕಿಡು. ಗಳಿಸಿದವನು ಬಸ್ಸಿನಲ್ಲಿ ನಿನ್ನ ಪಕ್ಕ ಕೂತರೆ ನಿನಗೆ ಹೇಗಾಗುತ್ತದೆ, ಅದನ್ನು ಯೋಚಿಸು.

ಹವಾಲ್ದಾರ್ ಮನೆಯವರು, ಧಾರವಾಡ

ಸ್ಟಿಕ್ಕರ್ ಜಗಳ ಆಮೇಲೆ ಮಾಡಿ. ಪಟ್ಟಿಯೋ ಟೋಪಿಯೋ ಅಂತ ಗಂಡಸರು ಎದೆ ತಟ್ಟಿಕೊಳ್ಳುತ್ತಿದ್ದೀರಿ, ಆ ಪಟ್ಟಿ ಹೊಲಿದವಳು ನಾನು.

ನಮ್ಮೆಜಮಾನರಿಗೆ ಮೂರನೇ ದಾರಿಯ ಹುಚ್ಚು ಹಿಡಿದಿತ್ತು. ಆಫೀಸರ್ ಆಗುವುದು. ಸಿಪಾಯಿಗಳಿಂದಲೇ ಆರಿಸುವ ಆರ್ಮಿ ಕೆಡೆಟ್ ಕಾಲೇಜ್ ಡೆಹರಾಡೂನಿನಲ್ಲಿದೆ. ಅಲ್ಲಿ ಮೂರು ವರ್ಷ, ಆಮೇಲೆ ಐಎಂಎಯಲ್ಲಿ (ಇಂಡಿಯನ್ ಮಿಲಿಟರಿ ಅಕಾಡೆಮಿ) ಒಂದು ವರ್ಷ. ವಯಸ್ಸು 27 ದಾಟಬಾರದು. ಅದಕ್ಕೇ ಇವರು 24ರಿಂದ ಓಡಲು ಶುರು ಮಾಡಿದರು. ರಿಟನ್ ಎರಡು ಸಲ ಪಾಸಾಯಿತು. ಎಸ್‌ಎಸ್‌ಬಿ, ಅಂದರೆ ಆಫೀಸರ್ ಆಯ್ಕೆಯ ಸಂದರ್ಶನ, ಐದು ದಿನ ಇರುತ್ತದೆ. ಮೊದಲ ಸಲ ಐದೂ ದಿನ ಉಳಿದು ಕೊನೆಗೆ ಕಾನ್ಫರೆನ್ಸ್‌ನಲ್ಲಿ ಹೊರಗೆ. ಎರಡನೇ ಸಲವೂ ಅದೇ. ಎದೆ ನಂಬರ್ ಬಿಚ್ಚಿಕೊಟ್ಟು ಬಂದೆ ಅಂತ ಸ್ಟೇಷನ್‌ನಿಂದ ಫೋನ್ ಮಾಡಿದರು, ದನಿಯೇ ಇರಲಿಲ್ಲ.

ಕೋಚಿಂಗಿಗೆ 38,000 ಕಟ್ಟಿದ್ದೆವು. ನನ್ನ ಎರಡು ಬಳೆ ಅದಕ್ಕೇ ಹೋದವು. ಅಲ್ಲಿ ಕೊಟ್ಟಿದ್ದು ಒಂದು ಪುಸ್ತಕ, ಹನ್ನೆರಡು ಕ್ಲಾಸು, ಹೀಗೆ ನಗಬೇಕು ಹಾಗೆ ಕೂರಬೇಕು ಅನ್ನುವ ಪಾಠ. ಎರಡನೇ ಎಸ್‌ಎಸ್‌ಬಿ ಬಿದ್ದ ವಾರವೇ ಯೂನಿಟ್ಟಿನಲ್ಲಿ ನಾಯಕ್ ಕೇಡರ್ ಇತ್ತು. ಅದೂ ಹೋಯಿತು. ಅತ್ತ ಸ್ಟಾರೂ ಇಲ್ಲ, ಇತ್ತ ಪಟ್ಟಿಯೂ ಇಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಯುಗಾದಿಗೆ ಹೋಳಿಗೆ ಮಾಡಲಿಲ್ಲ.

ಕೊನೆಗೆ ಹವಾಲ್ದಾರ್ ಆದರು. ಮೂರು ಪಟ್ಟಿ ಬಲ ತೋಳಿಗೆ ಮಾತ್ರ, ಮೂತಿ ಕೆಳಗೆ. ಮೊದಲ ಸಲ ಎರಡೂ ತೋಳಿಗೆ ಹೊಲಿದುಬಿಟ್ಟಿದ್ದೆ. ಎಡಗಡೆಯದು ಬಿಚ್ಚಿದಾಗ ಸೂಜಿಯ ತೂತು ಸಾಲಾಗಿ ಉಳಿಯಿತು. ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿ ಉಗುರಿನಲ್ಲಿ ಉಜ್ಜಿ ಉಜ್ಜಿ ತೂತು ಮುಚ್ಚಿದೆ. ಆ ಶರ್ಟು ಈಗಲೂ ಟ್ರಂಕಿನಲ್ಲಿದೆ. 2022ರ ಜನವರಿಯಲ್ಲಿ ಹೊಸ ಕಾಂಬ್ಯಾಟ್ ಡ್ರೆಸ್ ತೋರಿಸಿದರಲ್ಲ, ಶರ್ಟು ಒಳಗೆ ಸೇರಿಸದೆ ಹಾಕುವುದು, ಆಗಲೂ ಹಳೆಯದನ್ನು ಕೊಡಲು ನನಗೆ ಮನಸ್ಸಾಗಲಿಲ್ಲ.

ಎರಡು ದೋಣಿಯಲ್ಲಿ ಕಾಲಿಡಬೇಡಿ ಅನ್ನುವುದೇ ನನ್ನ ಮಾತು.

ತಂಬಿ, ಬೆಂಗಳೂರು

ಎಲ್ಲರೂ ಇನ್ಫೆಂಟ್ರಿ ಲೆಕ್ಕದಲ್ಲೇ ಮಾತಾಡುತ್ತಿದ್ದೀರಿ. ನಾನು ಎಂಇಜಿ, ಮದ್ರಾಸ್ ಸ್ಯಾಪರ್ಸ್, ಸೈನ್ಯದ ಎಂಜಿನಿಯರ್ ಪಡೆ. 1780ರಿಂದ ಇದೆ. ನಮ್ಮಲ್ಲಿ ಪಟ್ಟಿ ಬೇಕಾದರೆ ಡ್ರಿಲ್ಲು, ನಕ್ಷೆ ಸಾಲದು, ಕೈಯಲ್ಲಿ ಕಸುಬು ಬೇಕು. ಸೇತುವೆ ಕಟ್ಟಬೇಕು, ನೆಲದಲ್ಲಿ ಹೂತ ಮೈನ್ ತೆಗೆಯಬೇಕು, ಟ್ರೇಡ್ ಟೆಸ್ಟ್ ಮುಗಿಸಬೇಕು. ನಾನು ಲ್ಯಾನ್ಸ್ ನಾಯಕ್ ಇದ್ದಾಗ ಒಂದು ರಾತ್ರಿ ಮಳೆಯಲ್ಲಿ ಬ್ರಿಡ್ಜ್ ಪ್ಯಾನಲ್ ಜಾರಿ ಬಲಗೈ ಹೆಬ್ಬೆರಳಿನ ಮೇಲೆ ಬಿತ್ತು. ಉಗುರು ಹೋಯಿತು, ಟ್ರೇಡ್ ಟೆಸ್ಟೂ ಹೋಯಿತು. ಏಳು ತಿಂಗಳು ಎಡಗೈಯಲ್ಲಿ ಗಂಟು ಕಟ್ಟುವುದು ಕಲಿತೆ. ಮುಂದಿನ ಟೆಸ್ಟ್ ಎಡಗೈಯಲ್ಲೇ ಪಾಸ್ ಮಾಡಿದೆ.

ಮರೂನ್ ಸಾಹೇಬರಿಗೆ ಒಂದು ಮಾತು. ಟೋಪಿಯಿಂದ ಧೈರ್ಯ ಬರುವುದಿಲ್ಲ. 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೋದಲ್ಲಿ ನಮ್ಮ ಸುಬೇದಾರ್ ಸುಬ್ರಮಣಿಯನ್ ಮೈನ್ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದರು. ಬ್ರಿಟಿಷರ ಶೌರ್ಯ ಪದಕ ಜಾರ್ಜ್ ಕ್ರಾಸ್ ಪಡೆದ ಮೊದಲ ಭಾರತೀಯ ಅವರು. ನಾವು ಎದ್ದು ನಿಲ್ಲುವುದು ಆ ಹೆಸರಿಗೆ.

ಮರೂನ್, ಬೆಳಗಾವಿ

ಟೋಪಿಯಿಂದ ಧೈರ್ಯ ಬರುತ್ತದೆ ಅಂತ ನಾನು ಎಲ್ಲಿ ಬರೆದೆ? ತೋರಿಸಿ. ಸುಬೇದಾರ್ ಸಾಬ್‌ಗೆ ನಾನೂ ತಲೆ ಬಾಗುತ್ತೇನೆ. ಅವರ ಹೆಸರು ಹಿಡಿದು ನನ್ನನ್ನು ಕೆಳಗೆ ಹಾಕಬೇಡಿ.

ಟೋಪಿಯ ಬಿಲ್ಲೆ ಬದಲಾದರೆ ಬೇರು ಕಿತ್ತಂತೆ ಅನ್ನುವವರಿಗೂ ಹೇಳುತ್ತೇನೆ. ನಮ್ಮ ಬೆಳಗಾವಿಯ ಮರಾಠಾ ಲೈಟ್ ಇನ್ಫೆಂಟ್ರಿಯನ್ನೇ ನೋಡಿ. ಅವರ 21ನೇ ಬೆಟಾಲಿಯನ್ ಇಡೀ ಬೆಟಾಲಿಯನ್ನೇ 1996ರಲ್ಲಿ 21 ಪ್ಯಾರಾ ಆಯಿತು. ಕಹಳೆಯ ಬಿಲ್ಲೆ ತೆಗೆದಿಟ್ಟು ಮರೂನ್ ಹಾಕಿದರು. ಅವರೇನು ಹಳೆಯದನ್ನು ಮರೆತರಾ?

ಮಾಜಿ ಹವಾಲ್ದಾರ್, ಹಾಸನ

ಬೇರು ಅಂತ ಇಲ್ಲಿ ಯಾರೂ ಹೇಳಿಲ್ಲ, ನೀವೇ ತಂದಿರಿ. ತಂದಿದ್ದೀರಿ ಅಂದಮೇಲೆ ಕೇಳಿ. ತಂಗಿಯ ತಮ್ಮನ ಟೋಪಿಯಲ್ಲಿರುವುದು ಆನೆ. 1803ರ ಅಸ್ಸಾಯೆ ಕದನದಿಂದ ಬಂದ ಆನೆ. ಒಂದು ರೆಜಿಮೆಂಟಿನಲ್ಲಿ ಸಿಪಾಯಿಯಾಗಿ ಸೇರಿ ಅಲ್ಲೇ ಸುಬೇದಾರ್ ಆಗುವುದಕ್ಕೆ ಬೇರೆಯದೇ ತೂಕ ಇದೆ. ಹುಡುಗರ ಹೆಸರು, ಊರು, ಯಾರ ಮನೆಯಲ್ಲಿ ಏನು ಕಷ್ಟ, ಎಲ್ಲ ಗೊತ್ತಿರುತ್ತದೆ. ಹತ್ತು ಜನರ ಸೆಕ್ಷನ್ ನಡೆಸುವುದು ಅಂದರೆ ಅದೇ. ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರೂ ಅದೇ ಆನೆ ಬಿಲ್ಲೆಯವರು, 19 ಮದ್ರಾಸ್. 2016ರಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಉಸಿರು ಹಿಡಿದಿದ್ದರು. ಒಂದೇ ಪಟ್ಟಿ ಇತ್ತು ತೋಳಿನ ಮೇಲೆ.

ಹವಾಲ್ದಾರ್ ಮನೆಯವರು, ಧಾರವಾಡ

ಹನುಮಂತಪ್ಪ ಅವರ ಊರು ಬೆಟದೂರು ನಮ್ಮ ಜಿಲ್ಲೆ. ಅವರು ತೀರಿಕೊಂಡ ದಿನ ನಾನೂ ದೀಪ ಹಚ್ಚಿದ್ದೆ. ಅವರ ಹೆಸರನ್ನು ಪಟ್ಟಿ ಟೋಪಿ ವಾದಕ್ಕೆ ಎಳೆಯಬೇಡಿ ಅಣ್ಣಾ. ಇಬ್ಬರಿಗೂ ಹೇಳುತ್ತಿದ್ದೇನೆ.

ಅಗ್ನಿವೀರ್, ಬಾಗಲಕೋಟೆ

ನೀವು ಎರಡನೇ ಪಟ್ಟಿ, ಮೂರನೇ ಪಟ್ಟಿ ಅನ್ನುತ್ತಿದ್ದೀರಿ. ನಾನು ಮೊದಲ ಬ್ಯಾಚಿನ ಅಗ್ನಿವೀರ್. 2023ರ ಜನವರಿಯಲ್ಲಿ ಟ್ರೈನಿಂಗ್ ಶುರುವಾದದ್ದು. ನಾಲ್ಕು ವರ್ಷ, ಆಮೇಲೆ ನೂರಕ್ಕೆ 25 ಜನ ಉಳಿಯುತ್ತೇವೆ. ಪಟ್ಟಿಯ ಕೇಡರ್ ಎಲ್ಲ ಅದಾದ ಮೇಲಿನ ಮಾತು. ಹೋಗುವವರಿಗೆ ಸೇವಾ ನಿಧಿ ಸುಮಾರು 11.7 ಲಕ್ಷ. ನನ್ನ ಜೊತೆಯವನು ಆ ದುಡ್ಡಿಗೆ ಟ್ರ್ಯಾಕ್ಟರ್ ಲೆಕ್ಕ ಹಾಕಿಟ್ಟಿದ್ದಾನೆ. ನಾನು ಹಾಕಿಲ್ಲ. ನನಗೆ ಉಳಿಯಬೇಕು. ದೈಹಿಕ ಪರೀಕ್ಷೆ ಬಿಪಿಇಟಿಯಲ್ಲಿ ಐದು ಕಿಲೋಮೀಟರ್ ಓಟ, 9 ಅಡಿ ಗುಂಡಿ, ಹಗ್ಗ ಎಲ್ಲದರಲ್ಲೂ ಎಕ್ಸಲೆಂಟ್ ಇದೆ. ಫೈರಿಂಗ್‌ನಲ್ಲಿ ಒಂದು ಸಲ ಗುಂಡುಗಳು ಚದುರಿದವು, ಅದೊಂದೇ ನಿದ್ದೆ ಕೆಡಿಸುತ್ತದೆ. ಅಕ್ಕಾ, ನಿಮ್ಮ ತಮ್ಮನ ಮುಂದೆ ಎರಡು ಬಾಗಿಲಿವೆ. ಯಾವುದಾದರೂ ಒಂದು ಹಿಡಿಯಲು ಹೇಳಿ.

ತಂಬಿ, ಬೆಂಗಳೂರು

ಮಗಾ, ಫೈರಿಂಗ್ ಚದುರಿದರೆ ಮೊದಲು ಉಸಿರು ನೋಡಿಕೋ, ಆಮೇಲೆ ಎಡ ಮೊಣಕೈ. ಟ್ರಿಗರ್ ಎಳೆಯಬೇಡ, ಒತ್ತು. ದಿನಾ ಅರ್ಧ ಗಂಟೆ ಖಾಲಿ ರೈಫಲ್‌ನಲ್ಲಿ ಅಭ್ಯಾಸ ಮಾಡು. ನಿನ್ನ ಉಸ್ತಾದ್‌ನನ್ನು ಕೇಳು, ಕೇಳಲು ನಾಚಿಕೆ ಬೇಡ.

ಕೇಳಿದವರು: ಅಕ್ಕ, ಚಿಕ್ಕಮಗಳೂರು

ಎಲ್ಲರಿಗೂ ಕೈ ಮುಗಿಯುತ್ತೇನೆ. ತಮ್ಮ ಪಕ್ಕದಲ್ಲೇ ಕೂತು ಓದಿದ. ಧಾರವಾಡದ ಅಕ್ಕನ ಶರ್ಟಿನ ಮಾತು ಬಂದಾಗ ಎದ್ದು ಹೊರಗೆ ಹೋದ. ಆದರೆ ನಾನು ಕೇಳಿದ ಮೊಣಕಾಲಿನ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಮರೂನ್, ಬೆಳಗಾವಿ

ತಪ್ಪಾಯಿತು ಅಕ್ಕಾ. ಬರೆಯುವಾಗ ನನ್ನ ಕಾಲೇ ಕಣ್ಣ ಮುಂದೆ ಇತ್ತು, ಅವನ ಕಾಲು ನೋಡಲಿಲ್ಲ.

ನೇರ ಹೇಳುತ್ತೇನೆ. ಪ್ಯಾರಾಗೆ ಶೇಪ್ ಒನ್, ಅಂದರೆ ಯಾವ ಕೊರತೆಯೂ ಇಲ್ಲದ ಮೆಡಿಕಲ್ ದರ್ಜೆ, ಬೇಕು. ಕಾಗದದ ಮೇಲೆ ಇದ್ದರೆ ಸಾಲದು, ಕಾಲಿನಲ್ಲಿ ಇರಬೇಕು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವ ಮೊಣಕಾಲು ಜಂಪ್‌ನಲ್ಲಿ ನೆಲ ಮುಟ್ಟುವಾಗ ಮೊದಲು ಮಾತಾಡುತ್ತದೆ. ನಾನು ಒಂಬತ್ತು ದಿನ ಮುಚ್ಚಿಟ್ಟು ಎರಡು ವರ್ಷ ಕಳೆದುಕೊಂಡೆ. ವಾಪಸ್ ಹೋದ ತಕ್ಷಣ ಯೂನಿಟ್ ಡಾಕ್ಟರ್ ಹತ್ತಿರ ಹೋಗಲಿ, ಮುಚ್ಚಿಡದೆ ಹೇಳಲಿ. ಸರಿ ಇದೆ ಅಂದರೆ ಮುಂದಿನ ವರ್ಷ ಹೆಸರು ಕೊಡಲಿ. ಈ ಚಳಿಗಾಲ ಕೇಡರ್ ಮಾಡಲಿ. ಇದನ್ನು ಹವಾಲ್ದಾರ್ ಸಾಹೇಬರ ಮಾತಿಗೆ ಒಪ್ಪಿ ಹೇಳುತ್ತಿಲ್ಲ, ಕಾಲು ನೋಡಿ ಹೇಳುತ್ತಿದ್ದೇನೆ.

ಮಾಜಿ ಹವಾಲ್ದಾರ್, ಹಾಸನ

ಯಾವ ಕಾರಣಕ್ಕಾದರೂ ಆಗಲಿ, ಕೇಡರ್ ಅಂದಿರಲ್ಲ, ಸಾಕು.

ತಂಗಿ, ಉಳಿದ ರಜೆಯಲ್ಲಿ ದಿನಾ ಒಂದು ಗಂಟೆ ನಕ್ಷೆಗೆ ಇಡಲಿ. ಗ್ರಿಡ್ ಓದುವಾಗ ಮೊದಲು ಪೂರ್ವಕ್ಕೆ, ಆಮೇಲೆ ಉತ್ತರಕ್ಕೆ. ನೂರು ಮೀಟರ್‌ಗೆ ತನ್ನ ಹೆಜ್ಜೆ ಎಷ್ಟು ಅಂತ ಹಗಲಲ್ಲಿ ಒಮ್ಮೆ, ಕತ್ತಲಲ್ಲಿ ಒಮ್ಮೆ ಎಣಿಸಿಕೊಳ್ಳಲಿ. ಕತ್ತಲಲ್ಲಿ ಹೆಜ್ಜೆ ಗಿಡ್ಡ ಆಗುತ್ತದೆ, ಲೆಕ್ಕ ಜಾಸ್ತಿ ಬರುತ್ತದೆ. ಬ್ಯಾಕ್ ಬೇರಿಂಗ್‌ಗೆ 180ಕ್ಕಿಂತ ಕಡಿಮೆ ಇದ್ದರೆ ಕೂಡಿಸು, ಜಾಸ್ತಿ ಇದ್ದರೆ ಕಳೆ. ಎರಡೂ ಗೆರೆಗೂ ಮಾಡು. ಒಂದಕ್ಕೆ ಮಾಡಿ ಇನ್ನೊಂದನ್ನು ಬಿಡಬೇಡ ಅಂತ ಹಾಸನದ ಅಣ್ಣ ಹೇಳಿದರು ಅಂತ ಹೇಳು.

ಹವಾಲ್ದಾರ್ ಮನೆಯವರು, ಧಾರವಾಡ

ಪಟ್ಟಿ ಬಂದ ಮೇಲೆ ಹೊಲಿಯುವಾಗ ಬಲ ತೋಳು ಮಾತ್ರ. ದಾರ ಎರಡೆಳೆ ಹಾಕಿ.